ಸೋಪಮ್ಮನ ಬ್ರಷ್ಷು

“ಇಗೋ, ಶೆಡ್ಡಿನ ಮಷೀನು ಈಗಲೇ ಆಫ್ ಮಾಡಿಸ್ತೀನಿ” ಎಂದು ನಿರ್ದೇಶಕರು ಫೋನು ಕಿವಿಗಿಟ್ಟದ್ದೇ ತಡ, ಮೂಲೆಯಲ್ಲಿ ಅಳುತ್ತಿದ್ದ ಶಿಷ್ಯೆ ಎದ್ದು ಬಂದು ಅವರ ಕೈ ಹಿಡಿದುಕೊಂಡಳು.

“ದಮ್ಮಯ್ಯ ಸರ್, ಅದನ್ನ ಮಾತ್ರ ನಿಲ್ಲಿಸ್ಬೇಡಿ!”

“ಏನಮ್ಮಾ ಇದು? ಮೇಡಂ ಹೋಗ್ಬಿಟ್ಟಿದ್ದಾರೆ. ಗೌರವಕ್ಕೆ ಒಂದು ದಿನ ಲ್ಯಾಬ್ ಮುಚ್ಚಿದ್ರೆ ಆಕಾಶ ಕಳಚಿ ಬೀಳುತ್ತಾ?”

“ಬೀಳುತ್ತೆ ಸರ್. ಕರೆಂಟು ನಿಂತ್ರೆ ಉಪ್ಪುನೀರು ಒಳಗಿನ ತಗಡನ್ನ ತಿಂದುಹಾಕುತ್ತೆ. ಮೇಡಂ ಮಾಡಿದ್ದರಲ್ಲಿ ಇಷ್ಟು ದಿನ ಬದುಕಿರೋದು ಇದೊಂದೇ.”

ಮೇಡಂ ನಡುಮನೆಯಲ್ಲಿ ತಣ್ಣಗೆ ಮಲಗಿದ್ದಳು. ಸಮುದ್ರದ ಗಾಳಿಯಂತ್ರಗಳ ಕರೆಂಟಿನಿಂದ ಸಮುದ್ರದ ನೀರನ್ನೇ ಒಡೆದು ಹೈಡ್ರೋಜನ್ ತೆಗೆಯಬೇಕು, ಅದು ಹಡಗುಗಳಿಗೆ ಉರುವಲಾಗಬೇಕು. ಆಕೆಯ ಹಟ ಇಷ್ಟೇ. ಉಪ್ಪು ಒಂದೊಂದೇ ಯಂತ್ರವನ್ನು ಕೊಂದುಹಾಕಿತ್ತು. ಜೊತೆಯವರು ದೊಡ್ಡ ಕುರ್ಚಿ ಏರಿದರು. ಈಕೆ ಬಂದರಿನ ಶೆಡ್ಡಿನಲ್ಲೇ ಉಳಿದು, ಸೋಪುನೀರಿನಲ್ಲಿ ಬ್ರಷ್ಷು ಅದ್ದಿ ಪೈಪಿನ ಕೀಲುಗಳಿಗೆ ಸವರುತ್ತ, ಎಲ್ಲಾದರೂ ಅನಿಲ ಸೋರುತ್ತದೆಯೇ ಎಂದು ನೋಡುತ್ತಿದ್ದಳು. ಎಚ್ಚರಿಕೆಯ ಗಂಟೆ ಇತ್ತು, ಆದರೂ ಆಕೆಗೆ ತನ್ನ ಕಣ್ಣೇ ಆಗಬೇಕು. ಶಿಷ್ಯರು ‘ಸೋಪಮ್ಮ’ ಎಂದು ಹೆಸರಿಟ್ಟರೆ ತಾನೇ ಮೊದಲು ನಕ್ಕವಳು. ಎಂಥಾ ಹೆಂಗಸು ಅಂತೀರಿ!

“ಶೆಡ್ಡಲ್ಲಿ ಈಗ ಯಾರಿದ್ದಾರೆ?” ಮೇಡಂ ಮಗಳು ಕೇಳಿದಳು.

“ಪಂಪಿನ ಮಾಮ ಒಬ್ರೇ ಅಕ್ಕಾ. ಯಂತ್ರವನ್ನ ಒಂಟಿಯಾಗಿ ಬಿಡಬಾರದು ಅನ್ನೋದು ಮೇಡಂ ಕಟ್ಟಪ್ಪಣೆ. ಅವರೂ ಕೊನೇ ಸಲ ಮುಖ ನೋಡ್ಬೇಕು ಅಂತ ಅಳ್ತಿದಾರೆ. ನಾನೇ ಹೋಗ್ತೀನಿ.”

ಹಾಗೆಂದಳೇ ಹೊರತು, ಅವಳ ಕಾಲು ಅಲ್ಲಿಂದ ಕದಲಲಿಲ್ಲ.

*

ಹಿಂದೊಮ್ಮೆ, ಚಿಕ್ಕವಳಿದ್ದ ಮಗಳಿಗೆ ಶಾಲೆಯಲ್ಲಿ ಬಹುಮಾನ ಬಂದ ದಿನ ಅಮ್ಮ ಬರುವ ಹೊತ್ತಿಗೆ ಕುರ್ಚಿಗಳನ್ನು ಎತ್ತಿಡುತ್ತಿದ್ದರು.

“ಆ ಮಷೀನೇ ನಿನ್ನ ಮಗಳು. ನಾನು ಬಿಟ್ಟಿ ಬಂದವಳು!” ಎಂದು ಹುಡುಗಿ ಚೀರಿದಳು.

ಅಮ್ಮ ಮರುದಿನ ಶೆಡ್ಡಿಗೆ ಕರೆದುಕೊಂಡು ಹೋಗಿ ಕೈಗೆ ಬ್ರಷ್ಷು ಕೊಟ್ಟಳು. “ಈ ಅನಿಲ ಕಣ್ಣಿಗೆ ಕಾಣಲ್ಲ, ಮೂಗಿಗೆ ಸಿಗಲ್ಲ ಪುಟ್ಟಾ. ಸೋರಿದ್ರೆ ಗುಳ್ಳೆ ಬಂದು ಚಾಡಿ ಹೇಳುತ್ತೆ.”

ಹುಡುಗಿ ಮುಖ ಊದಿಸಿಕೊಂಡೇ ಸವರಿದಳು. ಒಂದು ಕೀಲಿನ ಅಡಿಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು.

“ಅಯ್ಯೋ ನನ್ನ ಬಂಗಾರ! ನನ್ನ ಕಣ್ಣಿಗೆ ಬೀಳದ್ದು ನಿನ್ನ ಕಣ್ಣಿಗೆ ಬಿತ್ತಲ್ಲೇ!” ಎಂದು ಅಮ್ಮ ಅವಳನ್ನು ಎತ್ತಿ ಕುಣಿದಾಡಿದಳು. ಅವತ್ತು ಹುಡುಗಿಗೆ ಸಿಟ್ಟು ಉಳಿಯಲೇ ಇಲ್ಲ.

*

“ನೀನು ಅಮ್ಮನ ಜೊತೆ ಸ್ಮಶಾನಕ್ಕೆ ಹೋಗು,” ಮಗಳು ಶಿಷ್ಯೆಗೆ ಹೇಳಿದಳು. “ಶೆಡ್ಡಿಗೆ ನಾನು ಹೋಗ್ತೀನಿ.”

ದೊಡ್ಡಮ್ಮ ಎದೆ ಬಡಿದುಕೊಂಡಳು. “ಹೆತ್ತವಳನ್ನ ಕಳಿಸೋ ಹೊತ್ತಲ್ಲಿ ಮಷೀನು ಕಾಯ್ತೀಯೇನೇ? ನೋಡಿದವರು ಏನಂದಾರು?”

“ಏನಾದ್ರೂ ಅಂದ್ಕೊಳ್ಳಲಿ ದೊಡ್ಡಮ್ಮಾ. ಅದು ಸತ್ತರೆ ಅಮ್ಮ ಎರಡು ಸಲ ಸತ್ತ ಹಾಗೆ. ನನ್ನ ಕೈಲಿ ಆಗಲ್ಲ.”

ಎಲ್ಲರೂ ಅಪ್ಪನ ಮುಖ ನೋಡಿದರು. ಅವರು ಕನ್ನಡಕ ಒರೆಸಿಕೊಂಡು, “ಹೋಗ್ಲಿ ಬಿಡಿ,” ಎಂದರು. “ಮದುವೆ ದಿನವೇ ನನ್ನ ಬಿಟ್ಟು ಶೆಡ್ಡಿಗೆ ಓಡಿದವಳು ಅವಳು. ಮಷೀನು ನಿಲ್ಲಿಸಿ ಅವಳ ಕೈಲಿ ಬೈಸ್ಕೊಳ್ಳೋ ಧೈರ್ಯ ನನಗೆ ಈಗ್ಲೂ ಇಲ್ಲ.”

ಅಳುತ್ತಿದ್ದವರಿಗೂ ನಗು ಬಂತು. ನಿರ್ದೇಶಕರು ಫೋನನ್ನು ಜೇಬಿಗಿಳಿಸಿದರು. ಮಗಳು ಬಗ್ಗಿ ಅಮ್ಮನ ಒರಟು ಬೆರಳುಗಳಿಗೆ ಮುತ್ತಿಟ್ಟು ಹೊರಟಳು.

ಶೆಡ್ಡಿನಲ್ಲಿ ಪಂಪಿನ ಮಾಮ ಕೆಂಪು ಗುಂಡಿ ತೋರಿಸಿದರು. “ಗಂಟೆ ಹೊಡೆದ್ರೆ ಇದನ್ನ ಒತ್ತಿ ಹೊರಗೆ ಓಡು ತಾಯಿ. ಮಿಕ್ಕಿದ್ದು ನಿನಗೆ ಗೊತ್ತಲ್ಲ.” ಅಷ್ಟು ಹೇಳಿ ಕಣ್ಣೊರೆಸಿಕೊಳ್ಳುತ್ತ ಹೋದರು.

ಬ್ರಷ್ಷು ಡಬ್ಬದಲ್ಲೇ ಇತ್ತು. ಹಿಡಿ ಅಮ್ಮನ ಹೆಬ್ಬೆರಳಿಗೆ ಸವೆದು ತಗ್ಗಾಗಿತ್ತು.

ಕಿಟಕಿಯಾಚೆ, ಕಡಲ ದಂಡೆಯ ರಸ್ತೆಯಲ್ಲಿ ಅಮ್ಮನನ್ನು ಹೊತ್ತ ವ್ಯಾನು ಬಂತು. ಶೆಡ್ಡಿನ ಎದುರು ಒಂದು ಗಳಿಗೆ ನಿಧಾನಿಸಿ ಮುಂದೆ ಹೋಯಿತು. ಅದು ಮರೆಯಾಗುವವರೆಗೂ ನೋಡಿದ ಮಗಳು ಬ್ರಷ್ಷನ್ನು ಸೋಪುನೀರಿನಲ್ಲಿ ಅದ್ದಿ, ಚಿಕ್ಕಂದಿನಲ್ಲಿ ಗುಳ್ಳೆ ಕಂಡಿದ್ದ ಆ ಹಳೆಯ ಕೀಲಿನ ಅಡಿಗೆ ಸವರಿ, ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು. ಸೋಪಿನ ಪೊರೆ ಹೊಳೆಯುತ್ತ ಹಾಗೇ ನಿಂತಿತ್ತು. ಒಂದು ಗುಳ್ಳೆಯೂ ಏಳಲಿಲ್ಲ.