ಬೋಳು ಬಾಟಲಿಗಳು

ನಮ್ಮ ಪಕ್ಕದ ಆರ್ಲೀನ್ ಮನೆಯಲ್ಲಿ ಊಟಕ್ಕೆ ಕೂರುವುದೆಂದರೆ ಲಾಟರಿ ಎತ್ತಿದ ಹಾಗೆ. ಡಬ್ಬಿ ತೆರೆಯುವವರೆಗೂ ಒಳಗಿರುವುದು ಬೀನ್ಸೋ ಪೀಚ್ ಹಣ್ಣೋ ದೇವರಿಗೇ ಗೊತ್ತು. ಅಂಗಡಿಯಿಂದ ತಂದ ಸಾಮಾನನ್ನು ಅವಳು ಮೊದಲು ಸಿಂಕಿನ ಬಿಸಿನೀರಿನಲ್ಲಿ ಮುಳುಗಿಸುತ್ತಿದ್ದಳು. ಲೇಬಲ್ಲುಗಳನ್ನು ಹರಿಯದ ಹಾಗೆ ಬಿಡಿಸಿ ಬಟ್ಟೆಯ ಮೇಲೆ ಒಣಗಲು ಹರವುತ್ತಿದ್ದಳು. ಲೇಬಲ್ಲು ಅಂಚೆಯಲ್ಲಿ ಕಳಿಸಿದರೆ ಸಾಮಾನು ತಯಾರಿಸಿದ ಕಂಪನಿ ಬೆಲೆಯಲ್ಲಿ ಸ್ವಲ್ಪ ಹಿಂತಿರುಗಿಸಿ ರಿಬೇಟಿನ ಚೆಕ್ಕು ಕಳಿಸುತ್ತದೆ. ಗಂಡ ಡ್ವೇನ್‌ಗೆ ಟೈರ್ ಕಾರ್ಖಾನೆಯ ಕೆಲಸ ಹೋದ ಮೇಲೆ ಆ ಮನೆಗೆ ಸೋಪು, ಕಾಫಿಪುಡಿ ಬರುತ್ತಿದ್ದುದು ಆ ಚೆಕ್ಕುಗಳಿಂದಲೇ.

"ನನ್ ಹೆಂಡ್ತಿ ನಾನು ಮಲಗಿದ್ದಾಗ ನನ್ ಲೇಬಲ್ಲೂ ಕಿತ್ತಿದ್ದಾಳೆ. ಬೆಳಿಗ್ಗೆ ಎದ್ದು ಕನ್ನಡಿ ನೋಡ್ಕೊಂಡ್ರೆ ಯಾರಿವನು ಅಂತ ಗೊತ್ತಾಗಲ್ಲ" ಎಂದು ಡ್ವೇನ್ ನಗಿಸುತ್ತಿದ್ದ. ನಾವೂ ನಗುತ್ತಿದ್ದೆವು. ಆಗ ನಮ್ಮ ಓಹಾಯೋದಲ್ಲಿ ಲೇಬಲ್ಲು ಕೀಳದ ಹೆಂಗಸು ಯಾವಳಿದ್ದಳು? ನಾನೂ ಕೀಳುತ್ತಿದ್ದೆ. ಆದರೆ ಆರ್ಲೀನ್‌ಗೆ ಅದು ತಲೆಗೇರಿತ್ತು. ಒಂದು ಮನೆಗೆ ಒಂದೇ ರಿಬೇಟು ಎಂಬ ಷರತ್ತಿದ್ದರೆ ತೀರಿಹೋದ ಅತ್ತೆಯ ಹೆಸರಿನಲ್ಲೊಂದು, ನಾಯಿಯ ಹೆಸರಿನಲ್ಲೊಂದು ಲಕೋಟೆ ಹೋಗುತ್ತಿತ್ತು. ಬಸ್ಟರ್ ಕಿಂಬಲ್ ಎಂಬ ಆ ನಾಯಿಗೆ ನನಗಿಂತ ಹೆಚ್ಚು ಚೆಕ್ಕು ಬರುತ್ತಿದ್ದವು.

ಆಮೇಲಾಮೇಲೆ ಡಬ್ಬಿಗಳ ಮೇಲೆ ಅವಳು ಕ್ರೇಯಾನಿನಲ್ಲಿ ಗುರುತು ಹಾಕತೊಡಗಿದಳು, ನಿಜ. ಪ್ಲಾಸ್ಟಿಕ್ ಬಾಟಲಿಗಳ ಮೇಲೆ ಕ್ರೇಯಾನ್ ನಿಲ್ಲುತ್ತಿರಲಿಲ್ಲ. "ಅಡುಗೆಮನೆ ನಂದು, ನಂಗೆ ಗೊತ್ತಾಗಲ್ವಾ?" ಎನ್ನುತ್ತಿದ್ದಳು.

ಆ ಶುಕ್ರವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ.

"ಗ್ಲೆಂಡಾ! ಬಾರೇ, ಬೇಗ ಬಾರೇ!"

ಅಂಥ ಕೂಗನ್ನು ಅವಳ ಬಾಯಿಂದ ನಾನು ಕೇಳಿರಲಿಲ್ಲ. ಕೈಯಲ್ಲಿದ್ದ ದಿಂಬಿನ ಚೀಲವನ್ನು ಅಲ್ಲೇ ಬಿಟ್ಟು ಬೇಲಿ ದಾಟಿ ಓಡಿದೆ. ಸಿಂಕಿನ ಕೆಳಗಿನ ಬಾಗಿಲು ತೆರೆದಿತ್ತು. ಆರ್ಲೀನಳ ಎರಡೂವರೆ ವರ್ಷದ ಮಗಳು ಟ್ರೀನಾ ನೆಲದ ಮೇಲೆ ಕುಳಿತು ಅಳುತ್ತಿದ್ದಳು. ಅವಳ ಗಲ್ಲ, ಫ್ರಾಕು ಒದ್ದೆಯಾಗಿದ್ದವು. ಪಕ್ಕದಲ್ಲಿ ಬಿಳಿ ಬಾಟಲಿಯೊಂದು ಉರುಳಿತ್ತು, ಮುಚ್ಚಳ ಇರಲಿಲ್ಲ. ಮುಚ್ಚಳದೊಳಗಿನ ಬಿಲ್ಲೆಯನ್ನೂ ಕಳಿಸಬೇಕೆಂದು ಕಂಪನಿ ಕೇಳಿತ್ತಂತೆ. ಅದನ್ನು ಕಿತ್ತ ಮೇಲೆ ಮುಚ್ಚಳ ಬಿಗಿಯಾಗಿ ಕೂತಿರಲಿಲ್ಲ.

ಆರ್ಲೀನ್ ವಿಷದ ಸಹಾಯವಾಣಿಗೆ ಆಗಲೇ ಫೋನು ಹಚ್ಚಿದ್ದಳು. ನನಗೂ ಕೇಳಲೆಂದು ಫೋನನ್ನು ಇಬ್ಬರ ಕಿವಿಯ ನಡುವೆ ನಾನೇ ಹಿಡಿದುಕೊಂಡೆ.

"ಲೇಬಲ್ ಮೇಲೆ ಏನ್ ಬರ್ದಿದೆ, ಓದಿ ಅಮ್ಮಾ" ಎಂದಳು ಆ ಕಡೆಯ ಹೆಂಗಸು.

"ಲೇಬಲ್ ಇಲ್ಲ."

"ಹರಿದು ಹೋಗಿದ್ಯಾ?"

"ಇಲ್ಲ... ನಾನೇ ಕಿತ್ತೆ."

"ಬಾಟಲಿಯಲ್ಲಿ ಏನಿತ್ತು ಅಂತಾದ್ರೂ ಗೊತ್ತಾ?"

ಗೊತ್ತಿತ್ತು, ಆದರೆ ಅರ್ಧವೇ ಗೊತ್ತಿತ್ತು. ಆ ಕಂಪನಿಯ ರಿಬೇಟಿಗೆ ಎರಡು ಸಾಮಾನುಗಳ ಲೇಬಲ್ಲನ್ನು ಒಟ್ಟಿಗೆ ಕಳಿಸಬೇಕಿತ್ತು. ಒಂದು ಕಕ್ಕಸು ತೊಳೆಯುವ ಆಸಿಡ್, ಇನ್ನೊಂದು ಇರುವೆ ಕೊಲ್ಲುವ ಔಷಧ. ಎರಡಕ್ಕೂ ಒಂದೇ ಅಚ್ಚಿನ ಬಿಳಿ ಬಾಟಲಿ, ಒಳಗೆ ಹಳದಿ ನೀರು. ವಾಸನೆಯಲ್ಲಾದರೂ ತಿಳಿಯೋಣವೆಂದರೆ ಎರಡಕ್ಕೂ ನಿಂಬೆಯ ವಾಸನೆ ಬೆರೆಸಿಟ್ಟಿದ್ದರು, ಪಾಪಿಗಳು.

"ಸರಿಯಾಗಿ ಕೇಳಿಸ್ಕೊಳ್ಳಿ. ಇರುವೆ ಔಷಧಿ ಆಗಿದ್ರೆ ಈಗಿಂದೀಗ್ಲೇ ವಾಂತಿ ಮಾಡಿಸ್ಬೇಕು, ಆಂಬುಲೆನ್ಸ್ ಬರೋತನಕ ಕಾಯೋ ಹಾಗಿಲ್ಲ. ಆಸಿಡ್ ಆಗಿದ್ರೆ ಮಾತ್ರ ವಾಂತಿ ಮಾಡಿಸ್ಲೇಬಾರ್ದು, ಮೇಲೆ ಬರೋವಾಗ ಗಂಟಲನ್ನ ಇನ್ನೊಂದ್ಸಲ ಸುಡುತ್ತೆ. ಮಗು ತುಟಿ ಕೆಂಪಗಿದ್ಯಾ?"

ತುಟಿ ಕೆಂಪಗೇ ಇತ್ತು. ಆದರೆ ಬೆಳಿಗ್ಗೆಯಿಂದ ಆ ಕೂಸು ಚೆರಿ ಮಿಠಾಯಿ ಚೀಪುತ್ತಿತ್ತು.

ಆರ್ಲೀನ್ ಕಪಾಟಿನಿಂದ, ಆಗೆಲ್ಲ ಮಕ್ಕಳಿರುವ ಮನೆಗಳಲ್ಲಿ ಇಡುತ್ತಿದ್ದ ವಾಂತಿ ಮಾಡಿಸುವ ಸಿರಪ್ಪನ್ನು ತೆಗೆದಳು. ಆ ಮನೆಯಲ್ಲಿ ಲೇಬಲ್ಲಿದ್ದ ಬಾಟಲಿ ಅದೊಂದೇ, ಅದಕ್ಕೆ ರಿಬೇಟು ಇರಲಿಲ್ಲ. ಕೊಟ್ಟರೂ ಮಗು ಸಾಯಬಹುದು, ಕೊಡದಿದ್ದರೂ ಸಾಯಬಹುದು. ಆಗ ಬಿದ್ದಿದ್ದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದೆ. ಒಂದು ಬದಿಯಲ್ಲಿ ಉಗುರಿನಷ್ಟು ಕಾಗದ ಅಂಟಿಕೊಂಡು ಉಳಿದಿತ್ತು. ಬಿಡಿಸುವಾಗ ಲೇಬಲ್ಲಿನ ಒಂದು ಮೂಲೆ ಹರಿದಿತ್ತು. ಅಕ್ಷರ ಇಲ್ಲ, ಬರೀ ಕೆಂಪು ಅಂಚು.

"ಆ ಲೇಬಲ್ಗಳೆಲ್ಲಿ?" ಎಂದೆ.

"ಪೋಸ್ಟಿಗೆ ಹಾಕ್ದೆ, ಬಸ್ಟರ್ ಹೆಸ್ರಲ್ಲಿ. ಈಗಷ್ಟೇ ಪೆಟ್ಟಿಗೇಲಿಟ್ಟೆ."

ಕಿಟಕಿಯಿಂದ ನೋಡಿದೆ. ಒಯ್ಯುವ ಕಾಗದ ಇದೆಯೆಂದು ಮನೆಮುಂದಿನ ಅಂಚೆಪೆಟ್ಟಿಗೆಗೆ ಎತ್ತಿಡುವ ಕೆಂಪು ಬಾವುಟ ಕೆಳಗಿಳಿದಿತ್ತು. ಅಂಚೆಯ ಹಾಸ್ಕಿನ್ಸ್ ಬಂದು ಕಾಗದ ಒಯ್ದಾಗಿತ್ತು.

"ನಾನ್ ಬರೋತನಕ ಏನೂ ಕೊಡ್ಬೇಡ!" ಎಂದು ಕೂಗಿ ಚಪ್ಪಲಿಯೂ ಇಲ್ಲದೆ ಬೀದಿಗಿಳಿದೆ. ಅಂಚೆಯ ಜೀಪು ಮೂಲೆಯಲ್ಲಿ ತಿರುಗುತ್ತಿತ್ತು. ಓಡಿಹೋಗಿ ಅದರ ಮುಂದೆ ಕೈ ಅಗಲಿಸಿ ನಿಂತೆ.

"ಸಾಯ್ಬೇಕು ಅಂತಿದ್ದೀಯಾ?" ಎಂದು ಹಾಸ್ಕಿನ್ಸ್ ಬ್ರೇಕು ಒತ್ತಿದರು.

ಮಗು, ವಿಷ, ಲೇಬಲ್ಲು ಎಂದು ತೊದಲಿದೆ. ಅವರ ಮುಖ ಬಿಳಿಚಿಕೊಂಡಿತು. ಆದರೂ ಚೀಲದ ಮೇಲಿಟ್ಟ ಕೈ ಸರಿಸಲಿಲ್ಲ.

"ಚೀಲಕ್ಕೆ ಬಿದ್ಮೇಲೆ ಅದು ಸರ್ಕಾರದ್ದಮ್ಮಾ. ಕಳ್ಸಿದವ್ರೇ ಬಂದು ಸಹಿ ಹಾಕ್ಬೇಕು. ಕೆಲ್ಸ ಹೋಗುತ್ತೆ ನಂದು."

"ಕಳ್ಸಿದ್ದು ನಾಯಿ, ಹಾಸ್ಕಿನ್ಸ್ ಅವ್ರೇ! ಬಸ್ಟರ್ ಕಿಂಬಲ್! ಅದನ್ನೇ ಕರ್ಕೊಂಡ್ ಬಂದು ಸಹಿ ಹಾಕಿಸ್ಲಾ?"

ಅವರು ನನ್ನನ್ನೇ ನೋಡಿದರು. "ನನ್ ಕಾಲ್ ಕಚ್ಚಿದ ನಾಯಿನಾ?" ಎಂದರು. ಆಮೇಲೆ ಇಡೀ ಚೀಲವನ್ನು ಸೀಟಿನ ಮೇಲೆ ಸುರಿದು, ನನಗಿಂತ ಜೋರಾಗಿ ಅವರೇ ಹುಡುಕಿದರು. ಲಕೋಟೆ ಸಿಕ್ಕಿತು. "ಹತ್ತು, ಕೂತ್ಕೋ" ಎಂದು ಜೀಪನ್ನು ಹಿಂದಕ್ಕೇ ಓಡಿಸಿದರು. ನಾನು ದಾರಿಯಲ್ಲೇ ಲಕೋಟೆ ಹರಿದೆ. ಎರಡು ಲೇಬಲ್ಲುಗಳಲ್ಲಿ ಒಂದಕ್ಕೆ ಮೂಲೆ ಇರಲಿಲ್ಲ. ಅದು ಆಸಿಡ್ಡಿನದು.

ಒಳಗೆ ಹೋದಾಗ ಫೋನು ತಂತಿಯಲ್ಲಿ ಜೋತಾಡುತ್ತಿತ್ತು. ಆರ್ಲೀನ್ ಮಗುವನ್ನು ತೊಡೆಯ ಮೇಲೆ ಕೆಡವಿಕೊಂಡು, ಚಮಚವನ್ನು ಬಾಯಿಯ ಹತ್ತಿರಕ್ಕೆ ಒಯ್ದಿದ್ದಳು. ಕಾಯಲು ಅವಳಿಂದ ಆಗಿರಲಿಲ್ಲ. ಯಾವ ತಾಯಿಯಿಂದ ಆದೀತು?

"ಬೇಡಾ!" ಎಂದು ಕಿರುಚಿ ಚಮಚಕ್ಕೆ ಹೊಡೆದೆ. ಸಿರಪ್ಪು ಗೋಡೆಗೆ ರಾಚಿತು. ಲೇಬಲ್ಲಿನ ಹರಿದ ಮೂಲೆಯನ್ನು ಬಾಟಲಿಯ ಮೇಲಿನ ಚೂರಿಗೆ ಜೋಡಿಸಿ ತೋರಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಫೋನೆತ್ತಿ ಲೇಬಲ್ಲಿನಲ್ಲಿದ್ದುದನ್ನೆಲ್ಲ ಓದಿದೆ. ಅರ್ಧ ಓದುವುದರೊಳಗೆ ನನ್ನ ಕಣ್ಣು ಮಂಜಾಯಿತು, ಮಿಕ್ಕಿದ್ದನ್ನು ಹಾಸ್ಕಿನ್ಸ್ ಓದಿದರು.

ಟ್ರೀನಾ ಬದುಕಿದಳು. ಒಂದೇ ಗುಟುಕು ಒಳಗೆ ಹೋಗಿತ್ತಂತೆ, ಗಂಟಲಿನ ಮೇಲ್ಭಾಗ ಸುಟ್ಟಿತ್ತು. ವಾಂತಿ ಆಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದಾಗ ಆರ್ಲೀನ್ ತನ್ನ ಬಲಗೈಯನ್ನು, ಚಮಚ ಹಿಡಿದಿದ್ದ ಕೈಯನ್ನು, ಸೊಂಟದ ಹಿಂದೆ ಬಚ್ಚಿಟ್ಟುಕೊಂಡಳು.

ಮಗು ಮನೆಗೆ ಬಂದ ಮಾರನೆಯ ಬೆಳಿಗ್ಗೆ ಸೂಪು ತೆಗೆದುಕೊಂಡು ಹೋದೆ. ಆರ್ಲೀನ್ ಅಡುಗೆಮನೆಯ ಮೇಜಿನ ಮೇಲೆ ಮುಂದೆ ಕಳಿಸಲೆಂದು ಲೇಬಲ್ಲು ಕೂಡಿಟ್ಟಿದ್ದ ಬೂಟಿನ ಡಬ್ಬಗಳನ್ನೆಲ್ಲ ಸುರಿದಿದ್ದಳು. ರಾಶಿ ರಾಶಿ ಲೇಬಲ್ಲು. ಎದುರಿಗೆ ಮನೆಯ ಬೋಳು ಬಾಟಲಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಳು. ಬಟ್ಟಲಿನಲ್ಲಿ ಮೈದಾ ಅಂಟು ಕಲಸಿಟ್ಟುಕೊಂಡು, ಒಂದು ಲೇಬಲ್ಲನ್ನು ಈ ಬಾಟಲಿಗೆ ಹಿಡಿದು ನೋಡುವುದು, ಆಮೇಲೆ ಆ ಬಾಟಲಿಗೆ. ಯಾವುದಕ್ಕೂ ಅಂಟಿಸಿರಲಿಲ್ಲ.

"ಯಾವ್ದಕ್ಕೆ ಯಾವ್ದು, ಹೇಳೇ ಗ್ಲೆಂಡಾ" ಎಂದಳು. "ನಿಂಗೆ ಗೊತ್ತಾಗುತ್ತಲ್ಲ, ಹೇಳೇ."

ನನಗೇನು ಗೊತ್ತಿತ್ತು? ಒಂದೇ ಒಂದು ಲೇಬಲ್ಲಿನ ಮೂಲೆ ಹರಿದಿತ್ತು. ಉಳಿದವನ್ನೆಲ್ಲ ಅವಳು ಅಚ್ಚುಕಟ್ಟಾಗಿ, ಒಂದು ಚೂರೂ ಬಿಡದೆ ಕಿತ್ತಿದ್ದಳು.

ಆಗ ಮೇಜಿನ ಅಂಚು ಹಿಡಿದು ನಿಂತಿದ್ದ ಟ್ರೀನಾ ಹತ್ತಿರದ ಬಾಟಲಿಯೊಂದರ ಕಡೆ ಕೈ ಚಾಚಿದಳು. "ಜ್ಯೂಸ್" ಎಂದಳು. ಆ ಗೊಗ್ಗರು ದನಿ ಮಗುವಿನದೆಂದು ನನಗೆ ತಕ್ಷಣ ಹೊಳೆಯಲೇ ಇಲ್ಲ.