ಕ್ಯಾಶಿಯರಮ್ಮನ ಅರ್ಧ ತಲೆ

ಕ್ಯಾಶಿಯರಮ್ಮ ಬಂದು ಕೂತಳೆಂದರೆ ಕುರ್ಚಿಯೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿತ್ತು. ಬ್ಯಾಂಕಿನ ಕಿಟಕಿಯ ಹಿಂದೆ ಕೂತು ಊರಿಗೆ ಊರನ್ನೇ ಗದರಿಸಿದ ಹೆಂಗಸು ಅವಳು. ಅವಳ ದನಿಗೆ ಹೆದರಿ ಹರಿದ ನೋಟುಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವಂತೆ. ಅಂಥವಳು ಈ ಭೂಮಿಯ ಮೇಲೆ ತಲೆ ಬಗ್ಗಿಸುತ್ತಿದ್ದುದು ಒಬ್ಬಳ ಮುಂದೆ ಮಾತ್ರ, ಪಾರ್ಲರಿನ ಅತ್ತಿಗೆಯ ಮುಂದೆ. ಅದೂ ತಿಂಗಳಿಗೊಮ್ಮೆ, ಡೈ ಹಾಕಿಸಿಕೊಳ್ಳುವುದಕ್ಕೆ.

ಅತ್ತಿಗೆ ಅಂದರೆ ನಿಜಕ್ಕೂ ತನ್ನ ನಾದಿನಿಗೆ ಮಾತ್ರ ಅತ್ತಿಗೆ. ನಾದಿನಿ ಅಂಗಡಿಗೆ ಕಾಲಿಟ್ಟು ಹೊತ್ತಿಲ್ಲ ಗೊತ್ತಿಲ್ಲ ‘ಅತ್ತಿಗೇ’ ಎಂದು ಕೂಗಿ ಕೂಗಿ, ಗಿರಾಕಿಗಳ ಬಾಯಲ್ಲೂ ಅದೇ ನಿಂತುಬಿಟ್ಟಿತು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕನ್ನಡಿ, ಒಂದು ಕುರ್ಚಿ ಇಟ್ಟುಕೊಂಡು ಅವಳು ಶುರುಮಾಡಿದ ಪಾರ್ಲರು ಅದು. ಮೊದಲ ಗಿರಾಕಿ ಕ್ಯಾಶಿಯರಮ್ಮ. ಅವಳನ್ನು ನೋಡಿ ಬ್ಯಾಂಕಿನ ಉಳಿದ ಹೆಂಗಸರು ಬಂದರು, ಅವರನ್ನು ನೋಡಿ ಅವರ ಅಕ್ಕತಂಗಿಯರು ಬಂದರು. ಅವರ ಬಲದ ಮೇಲೆಯೇ ಅತ್ತಿಗೆ ಆ ಕೋಣೆಯಲ್ಲಿ ಯಜಮಾನಿ. ಅವರು ಕೈಬಿಟ್ಟರೆ ಅವಳು ಬಿದ್ದ ಕೂದಲು ಗುಡಿಸುವವಳು, ಅಷ್ಟೆ. ಇದು ಅವಳಿಗೂ ಗೊತ್ತಿತ್ತು, ನಾದಿನಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು.

ನಾದಿನಿ ಬ್ಯೂಟಿಶಿಯನ್ ಕೋರ್ಸು ಮಾಡಿ ಬಂದವಳು. ಬಂದವಳೇ ಗೋಡೆಗೆ ಗುಲಾಬಿ ಬಣ್ಣ ಬಳಿಸಿ, ಬಾಗಿಲಿಗೆ ಗಾಜು ಹಾಕಿಸಿ, ಗಾಜಿನ ಮೇಲೆ ತನ್ನದೇ ಫೋಟೋ ಅಂಟಿಸಿದಳು. ಬೀದಿಯಲ್ಲಿ ಹೋಗುವವರನ್ನು ಮಾತಲ್ಲೇ ಕಟ್ಟಿ ಒಳಗೆಳೆಯುತ್ತಿದ್ದಳು. ಸೊಪ್ಪು ತರಲು ಹೊರಟವಳು ಫೇಶಿಯಲ್ ಮಾಡಿಸಿಕೊಂಡು, ಸೊಪ್ಪು ಮರೆತು, ಮನೆಯಲ್ಲಿ ಗಂಡನಿಗೇ ಗುರುತು ಸಿಗದೆ ಬಾಗಿಲಲ್ಲಿ ನಿಂತದ್ದುಂಟು. ಹೊಸಬರನ್ನು ಹಿಡಿದು ತರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ತಂದಮೇಲೆ ಮಾಡಬೇಕಾದವಳು ಮಾತ್ರ ಅತ್ತಿಗೆ.

ಆ ದಿನ ಮಧ್ಯಾಹ್ನ ಕ್ಯಾಶಿಯರಮ್ಮನಿಗೆ ಬ್ಯಾಂಕಿನಲ್ಲಿ ಬೀಳ್ಕೊಡುಗೆ. ಬೆಳಿಗ್ಗೆಯೇ ಬಂದು ಕೂತಳು.

“ಮುದುಕಿ ಆದ್ಲು ಅಂತ ಮನೆಗೆ ಕಳಿಸ್ತಿದಾರೆ ಕಣೆ. ನನ್ನ ನೋಡಿ ಒಬ್ಬೊಬ್ಬರ ಹೊಟ್ಟೆ ಉರೀಬೇಕು, ಹಾಗೆ ಹಚ್ಚು.”

“ಫೈರ್ ಇಂಜಿನ್ನೇ ಕರೆಸ್ಬೇಕು, ಹಾಗೆ ಹಚ್ತೀನಿ ಮೇಡಂ.”

ಎಡಗಡೆಯ ಅರ್ಧ ತಲೆ ಮುಗಿದಿತ್ತು. ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಒಬ್ಬ ಮದುವೆ ಹೆಣ್ಣು ಒಳಗೆ ಬಂದಳು. ಹಿಂದೆ ಅವಳ ಅಮ್ಮ, ಅಮ್ಮನ ಹಿಂದೆ ಚಿಕ್ಕಮ್ಮ, ಅವಳ ಹಿಂದೆ ಅಕ್ಕ. ದಂಡು ಎತ್ತಿ ಬಂದಂತಿತ್ತು. ನಾದಿನಿಯ ಮುಖ ಬಲ್ಬಿನಂತೆ ಹೊತ್ತಿಕೊಂಡಿತು.

“ಅತ್ತಿಗೇ, ಬಿಡಿ ಅದನ್ನ. ಮೊದ್ಲು ಇವರ ಹುಬ್ಬು ಮಾಡಿ.”

“ಅರ್ಧ ಆಗಿದೆ ಕಣೆ. ಮುಗಿಸಿ ಬರ್ತೀನಿ.”

ನಾದಿನಿ ಹತ್ತಿರ ಬಂದು ಪಿಸುಗುಟ್ಟಿದಳು. ಅವಳ ಪಿಸುಮಾತಿಗೆ ಪಕ್ಕದ ಬೀದಿಯಲ್ಲಿ ಮಲಗಿದ ಕೂಸು ಎದ್ದು ಅಳುತ್ತಿತ್ತು.

“ಹಳಬರು ಎಲ್ಲಿಗೆ ಹೋಗ್ತಾರೆ ಅತ್ತಿಗೆ? ಕೂತಿರ್ತಾರೆ. ಹೊಸಬರು ಕಾಯಲ್ಲ.”

ಕನ್ನಡಿಯಲ್ಲಿ ಕ್ಯಾಶಿಯರಮ್ಮನ ಕಣ್ಣು ಮೇಲೆದ್ದದ್ದನ್ನು ಅತ್ತಿಗೆ ಕಂಡಳು. ಕಂಡೂ ಬ್ರಷ್ಷನ್ನು ಬಟ್ಟಲಲ್ಲಿಟ್ಟಳು.

“ಐದೇ ನಿಮಿಷ ಮೇಡಂ.”

ಹೆಣ್ಣಿನ ಹುಬ್ಬು ಆಯಿತು. ಅಮ್ಮ “ನಂದೂ ಒಂಚೂರು” ಅಂದಳು. ಚಿಕ್ಕಮ್ಮನಿಗೆ ಮೀಸೆ ಇತ್ತು, ಅದೂ ಆಯಿತು. ಅಕ್ಕ ಮುಖ ಒಡ್ಡಿ ನಿಂತಳು. ಬಟ್ಟಲಲ್ಲಿದ್ದ ಡೈ ಒಣಗಿ ಕೆರೆಯ ತಳದಂತೆ ಬಿರುಕು ಬಿಟ್ಟಿತು. ಕ್ಯಾಶಿಯರಮ್ಮ ಎದ್ದು, ಮೂಲೆಯ ಸ್ಟೂಲನ್ನು ಎತ್ತಿಕೊಂಡು, ಹೆಗಲ ಮೇಲಿನ ಟವೆಲ್ಲಿನ ಸಮೇತ ಹೊರಗೆ ಹೋಗಿ, ಗಾಜಿನ ಬಾಗಿಲ ಎದುರಿಗೇ ಬೀದಿಗೆ ಮುಖಮಾಡಿ ಕೂತಳು. ತಲೆಯ ಎಡಗಡೆ ಅಮಾವಾಸ್ಯೆ, ಬಲಗಡೆ ಹುಣ್ಣಿಮೆ. ಎಡಗಿವಿ ಬಾಣಲೆಯ ತಳ.

ಹೋಗುವವರು ನಿಂತರು. ಸೈಕಲ್ಲುಗಳು ಒಂದಕ್ಕೊಂದು ಗುದ್ದಿಕೊಂಡವು.

“ಇದೇನಮ್ಮಾ ಇದು, ತಲೆ ಹೀಗಾಗಿದೆ?” ಎಂದಳು ಫೇಶಿಯಲ್ಲಿಗೆಂದು ಬಂದ ಒಬ್ಬಳು.

“ಇದೇ ಪಾರ್ಲರಿನ ಕೆಲಸ. ನಾನು ಹಳಬಳು ನೋಡು, ನಂಗೆ ಅರ್ಧ ಸಾಕು. ಹೊಸಬರಿಗೆ ಪೂರ್ತಿ ಮಾಡ್ತಾರೆ. ಹೋಗು, ಹೋಗು. ಇದೊಂದ್ಸಲ ಚೆನ್ನಾಗಿ ಮಾಡ್ತಾರೆ.”

ಅವಳು ತನ್ನ ಮುಖ ತನಗೇ ಇರಲಿ ಅಂದುಕೊಂಡು ಬಂದ ದಾರಿ ಹಿಡಿದಳು. ಅವಳ ಹಿಂದೆ ಬಂದವರೂ ಹಾಗೇ ಜಾರಿಕೊಂಡರು.

ನಾದಿನಿ ಒಳಗೆ ಕುದಿಯುತ್ತಿದ್ದಳು. “ಆ ಮುದುಕಿ ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ತಿದೆ! ನಿಮ್ಮ ಗಿರಾಕಿ, ನೀವೇ ಎಬ್ಬಿಸಿ.”

“ಅರ್ಧಕ್ಕೆ ಬಿಡಿಸುವಾಗ ಯಾರ ಗಿರಾಕಿ ಆಗಿದ್ಲು?”

“ನಿಮ್ಮ ಹತ್ರ ಬಾಯಿ ಹಚ್ಚೋಕೆ ನಂಗೆ ಪುರುಸೊತ್ತಿಲ್ಲ.”

ಅತ್ತಿಗೆ ಹೊಸದಾಗಿ ಡೈ ಕಲಸಿಕೊಂಡು ಹೊರಗೆ ಬಂದಳು. “ಒಳಗೆ ಬನ್ನಿ ಮೇಡಂ. ನಿಮ್ಮ ಫಂಕ್ಷನ್ನಿಗೆ ಹೊತ್ತಾಗುತ್ತೆ.”

“ಒಳಗೆ ಬರಲ್ಲ.”

“ಹಾಗಾದ್ರೆ ಇಲ್ಲೇ ಹಚ್ತೀನಿ.”

“ಹಚ್ಚು. ಬಿಟ್ಟುಹೋದದ್ದು ಹಚ್ಚು.”

ಬೀದಿ ನೋಡುತ್ತಿರುವಂತೆ ಅತ್ತಿಗೆ ಉಳಿದರ್ಧ ತಲೆಗೆ ಹಚ್ಚಿದಳು. ಹೊತ್ತಾಯಿತೆಂದು ಬಣ್ಣ ಪೂರ್ತಿ ಹಿಡಿಯುವ ಮೊದಲೇ ಬಕೆಟ್ಟಿನಲ್ಲಿ ನೀರು ತಂದು ಮೆಟ್ಟಿಲ ಮೇಲೆಯೇ ತೊಳೆದಳು. ಎಡಗಡೆ ಇದ್ದಿಲು, ಬಲಗಡೆ ಹುರಿಗಡಲೆಯ ಬಣ್ಣ. ಎರಡೂ ಒಂದೇ ತಲೆಯವು ಅಂದರೆ ಯಾರೂ ನಂಬುವಂತಿರಲಿಲ್ಲ. ಕಿವಿಯನ್ನು ಎಷ್ಟು ಉಜ್ಜಿದರೂ ಅದು ಬಿಳುಪಾಗಲಿಲ್ಲ, ಕೆಂಪಾಯಿತು.

“ಅವಳ ಬಾಯಿ ಹಾಗೇ ಮೇಡಂ. ಮನಸ್ಸಿಗೆ ಹಚ್ಕೋಬೇಡಿ.”

“ಹೇಳಿದ್ದು ಅವಳು, ಸರಿ. ಬ್ರಷ್ಷು ಯಾರ ಕೈಲಿತ್ತು?”

ಕ್ಯಾಶಿಯರಮ್ಮ ಟವೆಲ್ಲನ್ನು ಅತ್ತಿಗೆಯ ಕೈಗೆ ತುರುಕಿದಳು. “ಬೀದಿ ತುದೀಲಿ ಇನ್ನೊಂದು ಪಾರ್ಲರ್ ಇದೆ. ಅಲ್ಲಿ ನಾನೂ ಹೊಸಬಳೇ.”

ಎರಡು ಬಣ್ಣದ ತಲೆ ಎತ್ತಿಕೊಂಡೇ ಅವಳು ನಡೆದುಹೋದಳು. ಹಿಂತಿರುಗಿ ನೋಡಲಿಲ್ಲ.

“ತೊಲಗಿತಲ್ಲ ಪೀಡೆ,” ಎಂದಳು ನಾದಿನಿ. “ಬನ್ನಿ ಅತ್ತಿಗೆ, ಹುಡುಗಿ ತಲೆಗೆ ಕೈ ಹಾಕಿ.”

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಮದುವೆ ಹೆಣ್ಣನ್ನು ಕೇಳಿದಳು, “ಮದುವೆ ಆದ್ಮೇಲೆ ಇಲ್ಲಿಗೆ ಮತ್ತೆ ಬರ್ತೀಯೇನಮ್ಮಾ?”

“ಇಲ್ಲ ಆಂಟಿ, ಬೇರೆ ಊರಿಗೆ ಹೋಗ್ತೀನಿ.”

“ಹಾಗಾದ್ರೆ ನೀನು ಇವಳ ಗಿರಾಕಿ. ಕೋರ್ಸು ಮಾಡಿದಾಳೆ, ಅವಳೇ ಮಾಡ್ತಾಳೆ. ಎರಡನೇ ಸಲ ಬರೋರು ನನ್ನ ಪಾಲು.”

“ಅತ್ತಿಗೇ! ತಲೆ ಕೆಟ್ಟಿದ್ಯಾ ನಿಮಗೆ?” ನಾದಿನಿ ಹಲ್ಲು ಕಡಿದಳು. ಬಾಚಣಿಗೆಯನ್ನು ಅವಳು ತಲೆಕೆಳಗಾಗಿ ಹಿಡಿದಿದ್ದಳು. ಹೆಣ್ಣಿನ ಅಮ್ಮ ಮಗಳ ಜಡೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

ಅತ್ತಿಗೆ ಫೋನು ಎತ್ತಿಕೊಂಡು, ಹಳೆಯ ಗಿರಾಕಿಗಳನ್ನು ಸಮಾಧಾನ ಮಾಡಲು ಮೊದಲು ಬ್ಯಾಂಕಿನ ಗುಮಾಸ್ತೆಗೆ ಹಚ್ಚಿದಳು. “ನಂಗೆಲ್ಲಾ ಗೊತ್ತಾಯ್ತು” ಎಂದು ಗುಮಾಸ್ತೆ ಫೋನಿಟ್ಟಳು. ಗುಮಾಸ್ತೆಯ ಅಕ್ಕನಿಗೆ ಹಚ್ಚಿದಳು. ಎತ್ತಲಿಲ್ಲ. ಮ್ಯಾನೇಜರಮ್ಮ ಎತ್ತಿದಳು.

“ನಾಚಿಕೆ ಆಗಲ್ವಾ ನಿಂಗೆ? ಅಷ್ಟು ದೊಡ್ಡ ಹೆಂಗಸನ್ನ ಬೀದೀಲಿ ಕೂರಿಸಿದ್ಯಲ್ಲ! ಹೋದ ಸಲ ನನ್ನನ್ನೂ ಕಾಯಿಸಿದ್ದೆ, ನಾನು ಮರೆತಿಲ್ಲ...”

“ಹೇಳಿ ಮೇಡಂ,” ಎಂದಳು ಅತ್ತಿಗೆ.

ಮ್ಯಾನೇಜರಮ್ಮನ ದನಿ ಏರುತ್ತಲೇ ಹೋಯಿತು, ಆದರೆ ಅವಳು ಫೋನಿಡಲಿಲ್ಲ. ಅತ್ತಿಗೆ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಒಂದು ಬೈಗುಳವೂ ತಪ್ಪಿಹೋಗದ ಹಾಗೆ ಕೇಳುತ್ತ ಕೂತಳು.