ಒಂದೇ ಪುಸ್ತಕದ ಪ್ರದರ್ಶನ

ಸುಗಂಧಿ ಕಾಪುವಿನ ಗ್ರಂಥಾಲಯಕ್ಕೆ ಗ್ರಂಥಪಾಲಕಿಯಾಗಿ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಹಿಂದಿನ ಕೋಣೆಯ ಗೆಜೆಟುಗಳನ್ನು ವಿಚಾರಿಸಿಕೊಂಡು ಬಂದವರು ಒಟ್ಟು ನಾಲ್ಕು ಮಂದಿ. ಅವರಲ್ಲಿ ಒಬ್ಬ ಪೇಂಟರ್. ಅವನು ಕೇಳಿದ್ದು ಅವುಗಳನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಸರಿಸಬಹುದಾ ಎಂದು.

ಗೆಜೆಟ್ ಎಂದರೆ ಸರಕಾರ ತಾನು ಮಾಡಿದ್ದನ್ನೆಲ್ಲ ಅಚ್ಚು ಹಾಕಿ ಊರಿಗೆ ತಿಳಿಸುವ ಪತ್ರಿಕೆ. ಯಾರನ್ನು ಎಲ್ಲಿಗೆ ನೇಮಿಸಿತು, ಯಾವ ಜಾಗವನ್ನು ಯಾತಕ್ಕೆ ತೆಗೆದುಕೊಂಡಿತು, ಯಾರು ತಮ್ಮ ಹೆಸರು ಬದಲಾಯಿಸಿಕೊಂಡರು, ಎಲ್ಲವೂ ಅದರಲ್ಲಿ ಬರಬೇಕು. ಹಿಂದೆ ವಾರ ವಾರ ಅಂಚೆಯಲ್ಲಿ ಬರುತ್ತಿತ್ತು. ಗ್ರಂಥಾಲಯದವರು ಅದನ್ನು ಬೈಂಡ್ ಮಾಡಿಸಿ, ಬೆನ್ನಿಗೆ ಇಸವಿ ಬರೆದು ಇಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಕಾಗದದ ಗೆಜೆಟ್ ಬರುವುದು ನಿಂತಿತು. ಎಲ್ಲ ಕಂಪ್ಯೂಟರಿನಲ್ಲೇ ಸಿಗುತ್ತದೆ ಎಂದರು. ಹಿಂದಿನ ಕೋಣೆಯಲ್ಲಿ ಇನ್ನೂರ ಹನ್ನೆರಡು ಸಂಪುಟಗಳು ಉಳಿದವು.

ಜನವರಿಯಲ್ಲಿ ಮೇಲಿನ ಕಚೇರಿಯಿಂದ ಆದೇಶ ಬಂತು. ಹಳೆ ಗೆಜೆಟುಗಳೆಲ್ಲ ಈಗ ಜಾಲತಾಣದಲ್ಲಿ ಇರುವುದರಿಂದ, ‘ಪ್ರತಿಯೊಂದು ಪುಟವೂ ಓದಲು ಬರುವಂತೆ ಲಭ್ಯವಿದೆಯೆಂದು ಖಚಿತಪಡಿಸಿಕೊಂಡು’ ಸಂಪುಟಗಳನ್ನು ವಿಲೇವಾರಿ ಮಾಡತಕ್ಕದ್ದು.

ಮೂರನೆಯ ದಿನ ಕಾರ್ಕಳದಿಂದ ಗುಜರಿ ಗಣಪ ಪಿಕಪ್ ತೆಗೆದುಕೊಂಡು ಬಂದ. ಜಿಲ್ಲೆಯ ಗ್ರಂಥಾಲಯಗಳ ರದ್ದಿ ಎತ್ತುವ ಕೆಲಸ ಅವನಿಗೆ ಸಿಕ್ಕಿತ್ತು.

“ಲೋಡ್ ಮಾಡುವುದಾ ಮೇಡಂ?”

“ಈಗಲೇ ಇಲ್ಲ. ಖಚಿತಪಡಿಸಿಕೊಳ್ಳಬೇಕು.”

“ಎಂತದ್ದು ಖಚಿತ?”

ಸುಗಂಧಿ ಆದೇಶ ತೋರಿಸಿದಳು. ಗಣಪ ಓದಿದ. “ಎಲ್ಲ ಪುಟ ನೋಡ್ಲಿಕ್ಕೆ ಎಷ್ಟು ದಿವಸ ಬೇಕು?”

“ಕರೆಂಟ್ ಹೋಗದಿದ್ದರೆ ಒಂದೂವರೆ ವರ್ಷ.”

ಗಣಪ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತ. ಆಮೇಲೆ ಖಾಲಿ ಪಿಕಪ್ ತಿರುಗಿಸಿಕೊಂಡು ಹೋದ. ಹೋಗುವಾಗ, ಕಾಪುವಿಗೆ ಬಂದಾಗಲೆಲ್ಲ ಒಮ್ಮೆ ನೋಡಿಕೊಂಡು ಹೋಗುತ್ತೇನೆ ಎಂದ.

ಸುಗಂಧಿಗೆ ಗೆಜೆಟಿನ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಆದರೆ ಆದೇಶದಲ್ಲಿ ಒಂದು ಮಾತು ಬರೆದಿದ್ದರೆ ಅದನ್ನು ಮಾಡಬೇಕು ಎಂಬ ಅಭ್ಯಾಸ ಅವಳಿಗಿತ್ತು. ಎಡಗಡೆ ಸಂಪುಟ, ಬಲಗಡೆ ಕಂಪ್ಯೂಟರ್, ನಡುವೆ ಒಂದು ನೋಟ್‌ಬುಕ್ ಇಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಪುಟಕ್ಕೆ ಪುಟ ಹೋಲಿಸತೊಡಗಿದಳು. ಜಾಲತಾಣದಲ್ಲಿ ಕೆಲವು ಪುಟಗಳು ತಲೆಕೆಳಗಾಗಿದ್ದವು. ಕೆಲವು ಅರ್ಧ ಇದ್ದವು. ಕೆಲವು ಕಡೆ ಫೋಟೋ ತೆಗೆಯುವಾಗ ಪುಟವನ್ನು ಒತ್ತಿ ಹಿಡಿದವರ ಹೆಬ್ಬೆರಳೂ ಬಂದಿತ್ತು. ಅಂಥ ಪುಟಗಳು ಹೆಚ್ಚಾದಾಗ ಅವಳು ನೋಟ್‌ಬುಕ್ಕಿನಲ್ಲಿ ‘ಹೆಬ್ಬೆರಳು’ ಎಂದೇ ಒಂದು ಕಾಲಂ ಎಳೆದಳು.

ಎಲ್ಲ ಕಡೆಯೂ ಒಂದೇ ಹೆಬ್ಬೆರಳು. ಉಗುರು ಚೊಕ್ಕವಾಗಿ ಕತ್ತರಿಸಿತ್ತು. 1963ರ ಸಂಪುಟದ ನಡುವೆ ಅದಕ್ಕೆ ಪಟ್ಟಿ ಕಟ್ಟಿತ್ತು. ಸುಗಂಧಿ ಎರಡು ದಿನ ಅದೇ ಯೋಚನೆಯಲ್ಲಿದ್ದಳು. 1964ರ ಹೊತ್ತಿಗೆ ಗಾಯ ಮಾಗಿತ್ತು. ಅವಳಿಗೆ ಸಮಾಧಾನವಾಯಿತು.

ಫೆಬ್ರವರಿಯಲ್ಲಿ ಮೇಲಿನ ಕಚೇರಿಯಿಂದ ಫೋನ್ ಬಂತು.

“ಎಂತ ಮೇಡಂ, ನೀವು ನಿಜವಾಗಿಯೂ ಪ್ರತಿ ಪುಟ ನೋಡ್ತಾ ಇದ್ದೀರಂತೆ?”

“ಆದೇಶದಲ್ಲಿ ಹಾಗೆ ಉಂಟು ಸರ್.”

“ಅದು ಸುಮ್ಮನೆ ಬರೆಯುವ ವಾಕ್ಯ ಮಾರಾಯ್ರೆ.”

“ಯಾವ ವಾಕ್ಯ ಸುಮ್ಮನೆ ಬರೆದದ್ದು ಅಂತ ಒಂದು ಪತ್ರ ಕಳಿಸಿದರೆ ಫೈಲಿಗೆ ಹಾಕಿಕೊಳ್ತೇನೆ ಸರ್.”

ಆ ಕಡೆಯವರು ಫೋನ್ ಇಟ್ಟರು. ಪತ್ರ ಬರಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಉದ್ಯಾವರದಿಂದ ವಿಲ್ಮಾ ಬಾಯಿ ಬಂದರು. ಅರುವತ್ತರ ಹತ್ತಿರದ, ಬಿಸಿಲಿಗೆ ಚೆನ್ನಾಗಿ ಪಳಗಿದ ಹೆಂಗಸು. ಕೊಡೆಯನ್ನು ಬಾಗಿಲಿಗೆ ಸಿಕ್ಕಿಸಿ, ಇಲ್ಲಿ ಹಳೇ ಗೆಜೆಟ್ ಉಂಟಂತೆ ಹೌದಾ ಎಂದು ಕೇಳಿದರು. ಸುಗಂಧಿ ಎದ್ದು ನಿಂತಳು. ಅವರು ಐದನೆಯವರು.

ವಿಲ್ಮಾ ಬಾಯಿಯೂ ನೆರೆಕರೆಯ ಎಂಟು ಹೆಂಗಸರೂ ಇಳಿತದ ಹೊತ್ತಿಗೆ ಹೊಳೆಗೆ ಇಳಿದು, ಕೆಸರಿನಲ್ಲಿ ಹುದುಗಿರುವ ಮರುವಾಯಿ ಚಿಪ್ಪುಗಳನ್ನು ಹೆಕ್ಕಿ ಮಾರುವವರು. ಹೊಳೆಗೆ ಇಳಿಯುವ ಕಡವಿಗೆ ಹೋಗುವ ದಾರಿ ವಲೇರಿಯನ್ ಅಲ್ಮೇಡರ ಜಾಗದ ನಡುವೆ ಹಾದು ಹೋಗುತ್ತಿತ್ತು. ವಲೇರಿಯನ್ ಮೂವತ್ತು ವರ್ಷ ಬಹರೈನಿನಲ್ಲಿದ್ದು ಹಿಂದೆ ಬಂದು, ಮನೆಯನ್ನು ಹೋಮ್‌ಸ್ಟೇ ಮಾಡಲು ಹೊರಟಿದ್ದರು. ಮೊದಲ ಕೆಲಸವಾಗಿ ದಾರಿಗೆ ಕಬ್ಬಿಣದ ಗೇಟ್ ಹಾಕಿ ಬೀಗ ಜಡಿದರು. ಈಗ ಸುತ್ತು ಬಳಸಿ ಹೋಗಬೇಕು. ಹೋಗಿ ಮುಟ್ಟುವಷ್ಟರಲ್ಲಿ ನೀರು ಏರುತ್ತಿತ್ತು.

“ವಲೇರಿಯನ್ ಕೆಟ್ಟವನಲ್ಲ,” ಎಂದರು ವಿಲ್ಮಾ ಬಾಯಿ. “ದಾರಿ ನಿಮ್ಮದು ಅಂತ ಕಾಗದ ತೋರಿಸಿ, ಬೀಗ ನಾನೇ ತೆಗೀತೇನೆ ಅಂತಾನೆ. ಪಂಚಾಯತಿನಲ್ಲಿಯೂ ಅದೇ ಮಾತು. ಅದು ಗೆಜೆಟಿನಲ್ಲಿ ಬಂದ ದಾರಿ ಅಂತ ನನ್ನ ಅಪ್ಪ ಹೇಳ್ತಾ ಇದ್ದರು. ಉಡುಪಿಯಲ್ಲಿ ಎರಡು ಆಫೀಸಿಗೆ ಹೋದೆ. ಎಲ್ಲ ಆನ್‌ಲೈನ್ ಉಂಟು, ಮನೆಯಲ್ಲೇ ಕೂತು ನೋಡಿ ಅಂದರು. ಸೊಸೆ ಜೋನ್ ಮಣಿಪಾಲದಲ್ಲಿ ಕೆಲಸಕ್ಕೆ ಹೋಗ್ತಾಳೆ. ಅವಳು ಹುಡುಕಿ ಪ್ರಿಂಟ್ ತೆಗೆದಳು.”

ಪ್ಲಾಸ್ಟಿಕ್ ಕವರಿನಿಂದ ಅವರು ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟರು. 1968ರ ಜುಲೈ ತಿಂಗಳ ಗೆಜೆಟಿನ ಪುಟ. ‘ಉದ್ಯಾವರ ಗ್ರಾಮದ’ ಎಂದು ಒಂದು ಸಾಲು ಶುರುವಾಗಿತ್ತು. ಮುಂದೆ ಸರ್ವೆ ನಂಬರೂ ಹೆಸರೂ ಇರಬೇಕಾದ ಜಾಗದಲ್ಲಿ ಹೆಬ್ಬೆರಳು ಇತ್ತು. ಬೆರಳಿನ ಆಚೆ ‘ಆರು ಅಡಿ ಅಗಲದ ದಾರಿ’ ಎಂದಿತ್ತು.

“ಇದು ಯಾರ ಬೆರಳೋ ಏನೋ,” ಎಂದರು ವಿಲ್ಮಾ ಬಾಯಿ.

“ಇವರು ನನಗೆ ಗೊತ್ತು,” ಎಂದಳು ಸುಗಂಧಿ.

ಹಿಂದಿನ ಕೋಣೆಯಿಂದ 1968ರ ಸಂಪುಟ ತಂದಳು. ಹೊಟ್ಟೆಗೆ ಆನಿಸಿಕೊಂಡೇ ತರಬೇಕಾದಷ್ಟು ಭಾರ. ಪುಟ ತೆಗೆದು ಬೆರಳಿಟ್ಟು ಓದಿದಳು. ಉದ್ಯಾವರ ಗ್ರಾಮದ ಸರ್ವೆ ನಂಬರ್ ಎಂಬತ್ತೇಳರಲ್ಲಿ ಶ್ರೀ ಬೆಂಜಮಿನ್ ಅಲ್ಮೇಡ ಎಂಬವರು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುವ, ಹೊಳೆಯ ಕಡವಿಗೆ ಹೋಗುವ ಆರು ಅಡಿ ಅಗಲದ ದಾರಿಯನ್ನು ಸಾರ್ವಜನಿಕ ದಾರಿಯೆಂದು ಘೋಷಿಸಲಾಗಿದೆ.

ವಿಲ್ಮಾ ಬಾಯಿ ಮತ್ತೊಮ್ಮೆ ಓದಿಸಿದರು. “ಬೆಂಜಮಿನ್ ಅಂದರೆ ವಲೇರಿಯನನ ಅಜ್ಜ. ನಾವು ಇಷ್ಟು ವರ್ಷ ಸರಕಾರದವರೇ ತೆಗೆದುಕೊಂಡದ್ದು ಅಂತ ತಿಳಿದಿದ್ದೆವು.”

ಆ ಪುಟದ ಝೆರಾಕ್ಸ್ ಹಿಡಿದುಕೊಂಡು ಅವರು ಅದೇ ದಿನ ಪಂಚಾಯತಿಗೆ ಹೋದರು. ಮರುದಿನ ಪುನಃ ಕಾಪುವಿಗೆ ಬಂದರು. ಪಿಡಿಒ ಮೇಡಂ ಝೆರಾಕ್ಸನ್ನೂ ಜಾಲತಾಣದ ಪ್ರಿಂಟನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರಂತೆ. ಎರಡೂ ಒಂದೇ ರೀತಿ ಇಲ್ಲ ಎಂದರಂತೆ.

“ಬೆರಳು ಇಲ್ಲದ್ದು ನಕಲಿ ಇರಬಹುದು ಅಂತ ಅವರಿಗೆ ಸಂಶಯ. ನೀವು ಒಂದು ಸೀಲ್ ಹೊಡೆದು ಕೊಟ್ಟರೆ?”

ಸುಗಂಧಿಯ ಹತ್ತಿರ ಒಂದೇ ಸೀಲ್ ಇತ್ತು. ಅದರಲ್ಲಿ ‘ಪುಟ ಹರಿಯಬೇಡಿ’ ಎಂದಿತ್ತು.

“ಅಸಲು ಪುಸ್ತಕವನ್ನೇ ಗ್ರಾಮಸಭೆಗೆ ತಂದರೆ ಎಲ್ಲರ ಎದುರು ನೋಡಿ ನಡಾವಳಿಯಲ್ಲಿ ಬರೆಸ್ತೇನೆ ಅಂದಿದ್ದಾರೆ,” ಎಂದರು ವಿಲ್ಮಾ ಬಾಯಿ. “ಸಭೆ ಬರುವ ಗುರುವಾರ.”

ಗೆಜೆಟನ್ನು ಗ್ರಂಥಾಲಯದಿಂದ ಹೊರಗೆ ಕೊಡುವಂತಿಲ್ಲ. ನಿಯಮದ ಪುಸ್ತಕದಲ್ಲಿ ಅದು ದಪ್ಪ ಅಕ್ಷರದಲ್ಲಿ ಇತ್ತು. ವಿಲ್ಮಾ ಬಾಯಿ ಹೋದ ಮೇಲೆ ಸುಗಂಧಿ ಕಂಪ್ಯೂಟರ್ ಮುಚ್ಚಿ, ನಿಯಮದ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಾ ಕೂತಳು. ಅವಳ ಇಡೀ ನೌಕರಿಯಲ್ಲಿ, ಯಾರೂ ಆದೇಶಿಸದ ಒಂದು ಕೆಲಸವನ್ನು ಮಾಡಲೇಬೇಕು ಎಂದು ಹಟ ಹಿಡಿದದ್ದು ಅದೇ ಮೊದಲು. ಅದು ಅವಳಿಗೇ ಸ್ವಲ್ಪ ಹೆದರಿಕೆ ಹುಟ್ಟಿಸಿತು. ನಲವತ್ತೊಂದನೆಯ ನಿಯಮದ ಹತ್ತಿರ ಅವಳು ನಿಂತಳು. ಸಾರ್ವಜನಿಕರಲ್ಲಿ ಓದುವ ಅಭಿರುಚಿ ಬೆಳೆಸಲು ಗ್ರಂಥಪಾಲಕರು ಗ್ರಂಥಾಲಯದ ಹೊರಗೆ ಪುಸ್ತಕ ಪ್ರದರ್ಶನ ಏರ್ಪಡಿಸಬಹುದು. ಯಾವ ಪುಸ್ತಕ ಎಂದು ಹೇಳಿರಲಿಲ್ಲ. ಎಷ್ಟು ಪುಸ್ತಕ ಎಂದೂ ಹೇಳಿರಲಿಲ್ಲ.

ಮೇಲಿನ ಕಚೇರಿಗೆ ಅರ್ಜಿ ಬರೆದಳು. ಸ್ಥಳ: ಉದ್ಯಾವರ. ವಿಷಯ: ನಮ್ಮ ಊರು ಗೆಜೆಟಿನಲ್ಲಿ. ಪ್ರದರ್ಶಿಸುವ ಪುಸ್ತಕಗಳ ಸಂಖ್ಯೆ: ಒಂದು.

ಸಂಜೆಯೊಳಗೆ ಒಪ್ಪಿಗೆ ಬಂತು. ಮಾರ್ಚ್ ಮುಗಿಯುವುದರೊಳಗೆ ಜಿಲ್ಲೆಯಲ್ಲಿ ಆರು ಪ್ರದರ್ಶನ ಆಗಬೇಕಿತ್ತು, ಆಗಿದ್ದದ್ದು ಎರಡು. ಫೋಟೋ ಕಳಿಸಲು ಮರೆಯಬೇಡಿ ಎಂದು ಕೊನೆಯಲ್ಲಿ ಬರೆದಿದ್ದರು.

ಗುರುವಾರ ಬೆಳಿಗ್ಗೆ ಗಣಪ ಬಂದಿದ್ದ. ಸುಗಂಧಿ ಸಂಪುಟವನ್ನು ಬೆಡ್‌ಶೀಟಿನಲ್ಲಿ ಸುತ್ತುವುದನ್ನು ಕಂಡು ಅವನ ಮುಖ ಅರಳಿತು.

“ಶುರು ಮಾಡಿದಿರಾ ಮೇಡಂ?”

“ಇದು ರದ್ದಿಗಲ್ಲ. ಉದ್ಯಾವರಕ್ಕೆ. ಹೋಗಿ ಬರಬೇಕು.”

“ಬಸ್ಸಿನಲ್ಲಿ ಇದನ್ನು ಹೊತ್ತುಕೊಂಡಾ? ಹತ್ತಿ ಮಾರಾಯ್ರೆ,” ಎಂದ ಗಣಪ. ಪಿಕಪ್ಪಿನ ಹಿಂದೆ ಹಳೆ ಫ್ರಿಜ್ಜು, ತುಕ್ಕು ಹಿಡಿದ ಕಿಟಕಿ ಸರಳು ಇದ್ದವು. 1968ನೇ ಇಸವಿ ಎದುರಿನ ಸೀಟಿನಲ್ಲಿ ಸುಗಂಧಿಯ ತೊಡೆಯ ಮೇಲೆ ಕೂತು ಹೋಯಿತು.

ಗ್ರಾಮಸಭೆಯ ಹಾಲಿನ ಮೂಲೆಯಲ್ಲಿ, ಆರೋಗ್ಯ ಇಲಾಖೆಯವರು ಬಿಪಿ ನೋಡುವ ಮೇಜಿನ ಪಕ್ಕ ಅವಳಿಗೆ ಒಂದು ಮೇಜು ಕೊಟ್ಟರು. ಬಿಳಿ ಬಟ್ಟೆ ಹಾಸಿ, ಸಂಪುಟ ಬಿಡಿಸಿ ಇಟ್ಟು, ‘ಪುಸ್ತಕ ಪ್ರದರ್ಶನ’ ಎಂದು ಬರೆದ ರಟ್ಟು ನಿಲ್ಲಿಸಿದಳು. ಬಿಪಿ ನೋಡಿಸಿಕೊಂಡವರೆಲ್ಲ ಇತ್ತ ತಿರುಗಿದರು.

“ಬೇರೆ ಪುಸ್ತಕ?” ಎಂದು ಒಬ್ಬರು ಕೇಳಿದರು.

“ಇಷ್ಟೇ.”

ಮರುವಾಯಿ ಹೆಕ್ಕುವ ಒಂಬತ್ತು ಹೆಂಗಸರೂ ಸಾಲಾಗಿ ಬಂದು ನೋಡಿದರು. ಪಿಡಿಒ ಮೇಡಂ ಬಂದು ಮೊದಲು ಸಂದರ್ಶಕರ ಪುಸ್ತಕಕ್ಕೆ ಸಹಿ ಹಾಕಿದರು, ಆಮೇಲೆ ಪುಟ ಓದಿದರು. ಕಾಗದ ಮುಟ್ಟಿದರು. ಹಿಂದಿನ ಪುಟ, ಮುಂದಿನ ಪುಟ ಮಗುಚಿದರು. ಸರಕಾರಿ ಮುದ್ರಣಾಲಯದ ಹೆಸರು ಎಲ್ಲಿದೆ ಎಂದು ಹುಡುಕಿ ಕಂಡರು. “ಇದು ಅಸಲು,” ಎಂದರು. ಅವರ ಧ್ವನಿಯಲ್ಲಿ ಸ್ವಲ್ಪ ಆಶ್ಚರ್ಯವಿತ್ತು.

ಅಷ್ಟರಲ್ಲಿ ವಲೇರಿಯನ್ ಬಂದರು. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಫೈಲು. ಫೈಲಿನೊಳಗೆ ಜಾಲತಾಣದ ಅದೇ ಪ್ರಿಂಟು.

“ನಾನೂ ನೋಡಿದ್ದೇನೆ,” ಎಂದರು ಗಟ್ಟಿಯಾಗಿ. “ಇದರಲ್ಲಿ ನನ್ನ ಸರ್ವೆ ನಂಬರ್ ಎಲ್ಲಿ ಉಂಟು? ಬೆರಳು ಉಂಟು. ಬೆರಳು ನೋಡಿ ದಾರಿ ಬಿಡ್ಲಿಕ್ಕೆ ಆಗ್ತದಾ?”

“ಪೊರ್ಬುಗಳೇ, ಇತ್ತ ಬನ್ನಿ,” ಎಂದು ಗಣಪ, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ, ವಲೇರಿಯನ್ನರನ್ನು ಕರೆದ. ಪುಸ್ತಕ ವಾಪಸ್ ಒಯ್ಯಬೇಕಾದ್ದರಿಂದ ಅವನು ಅಲ್ಲೇ ಉಳಿದಿದ್ದ. “ಇದರಲ್ಲಿ ಬೆರಳಿಲ್ಲ.”

ವಲೇರಿಯನ್ ಕನ್ನಡಕ ಬದಲಾಯಿಸಿ ಬಾಗಿದರು. ಅವರು ಓದಲು ತೆಗೆದುಕೊಂಡ ಹೊತ್ತು ಆ ಎರಡು ಸಾಲಿಗೆ ತೀರಾ ಹೆಚ್ಚು. “ಸ್ವಇಚ್ಛೆಯಿಂದ,” ಎಂದು ಒಮ್ಮೆ ಬಾಯಿಬಿಟ್ಟು ಓದಿದರು. ಮತ್ತೊಮ್ಮೆ ಓದಿದರು.

“ನನಗೆ ಐದು ವರ್ಷ ಇರುವಾಗ ಅಜ್ಜ ಹೋದರು,” ಎಂದರು ಕೊನೆಗೆ. ಹೇಳಿದ್ದು ಸುಗಂಧಿಗೆ, ಹತ್ತಿರ ಇದ್ದವಳು ಅವಳೇ. “ಅಪ್ಪ ಇದನ್ನು ಹೇಳಲೇ ಇಲ್ಲ. ಅಜ್ಜ ಯಾಕೆ ಕೊಟ್ಟರು?”

“ಗೆಜೆಟಿನಲ್ಲಿ ಕಾರಣ ಹಾಕುವುದಿಲ್ಲ,” ಎಂದಳು ಸುಗಂಧಿ. ಹೇಳಿದ ಮೇಲೆ ಮಾತು ಸ್ವಲ್ಪ ಒರಟಾಯಿತೋ ಎನಿಸಿ, ಕುರ್ಚಿ ಎಳೆದು ಕೊಟ್ಟಳು.

ವಿಲ್ಮಾ ಬಾಯಿ ಮುಂದೆ ಬಂದರು. “ಆಗ ಕಡವಿಗೆ ಹೋಗ್ಲಿಕ್ಕೆ ಸುತ್ತು ಇತ್ತು. ಎಲ್ಲರೂ ನಿಮ್ಮ ಅಂಗಳದಲ್ಲೇ ಹೋಗ್ತಿದ್ದರಂತೆ. ನಿನ್ನ ಅಜ್ಜಿಗೆ ದಿನಾ ಅಂಗಳ ಗುಡಿಸಿ ಸಾಕಾಗಿತ್ತು. ಬೇರೆ ದಾರಿ ಮಾಡಿ ಕೊಡಿ ಅಂತ ಜಗಳ ಮಾಡಿದ್ದು ಅವರೇ ಅಂತ ನನ್ನ ಅಮ್ಮ ಹೇಳ್ತಾ ಇದ್ದರು. ಕೊಟ್ಟದ್ದು ನಿನ್ನ ಅಜ್ಜ ಅಂತ ಮಾತ್ರ ನಮಗೂ ಈಗಲೇ ಗೊತ್ತಾದದ್ದು.”

ಯಾರೋ ನಕ್ಕರು. ವಲೇರಿಯನ್ ನಗಲಿಲ್ಲ, ಆದರೆ ಕುರ್ಚಿಯಲ್ಲಿ ಕೂತರು. ಪುಟದ ಫೋಟೋ ತೆಗೆದುಕೊಂಡರು. ಬೆರಳು ಅಡ್ಡ ಬಾರದಂತೆ ಎರಡು ಸಲ ತೆಗೆದರು. ಸಂದರ್ಶಕರ ಪುಸ್ತಕದಲ್ಲಿ ಅಭಿಪ್ರಾಯ ಬರೆಯುವ ಜಾಗದಲ್ಲಿ, ‘ಅಜ್ಜನ ಹೆಸರು ಸರಿಯಾಗಿ ಅಚ್ಚಾಗಿದೆ’ ಎಂದು ಬರೆದು ಸಹಿ ಹಾಕಿದರು.

ಆ ದಿನವೇ ಎಲ್ಲ ಮುಗಿಯಲಿಲ್ಲ. ಅಸಲು ಪ್ರತಿ ನೋಡಲಾಗಿದೆ ಎಂದು ನಡಾವಳಿಯಲ್ಲಿ ಬರೆದರು. ಸರ್ವೆಯವರು ಬರಲು ಆರು ವಾರ ಹಿಡಿಯಿತು. ಬಂದು ಅಳೆದಾಗ ಗೇಟಿನ ಒಂದು ಕಂಬ ದಾರಿಯೊಳಗೆ ಒಂದೂವರೆ ಅಡಿ ಬಂದಿದೆ ಎಂದಾಯಿತು. ಕಂಬ ಕೀಳುವ ತನಕ ಕಾಯದೆ ವಲೇರಿಯನ್ ಗೇಟಿನ ಬಾಗಿಲುಗಳನ್ನು ತಾವೇ ಕಳಚಿಸಿದರು. ಅವುಗಳನ್ನು ಎತ್ತಲು ಕಾರ್ಕಳದಿಂದ ಪಿಕಪ್ ಬಂತು. ಅಂತೂ ಗಣಪನಿಗೆ ಆ ವ್ಯವಹಾರದಲ್ಲಿ ಏನೋ ಒಂದು ಸಿಕ್ಕಿತು.

ಸುದ್ದಿ ಹಬ್ಬಿತು. ಗ್ರಂಥಾಲಯಕ್ಕೆ ಜನ ಬರತೊಡಗಿದರು. ಒಬ್ಬರಿಗೆ ಕೆರೆ ಬೇಕಿತ್ತು, ಒಬ್ಬರಿಗೆ ಶಾಲೆಯ ಆಟದ ಮೈದಾನ. ಕಾರ್ಕಳದಿಂದ ಬಂದ ನಿವೃತ್ತ ಮಾಸ್ಟರೊಬ್ಬರಿಗೆ ತಮ್ಮ ನೇಮಕದ ಪಟ್ಟಿ ಮಾತ್ರ ನೋಡಬೇಕಿತ್ತು. ನೋಡಿ, ಥ್ಯಾಂಕ್ಸ್ ಹೇಳಿ ಹೋದರು. ಸುಗಂಧಿಯ ಹೋಲಿಸುವ ಕೆಲಸ ಇದರಿಂದ ಬಹಳ ನಿಧಾನವಾಯಿತು. ಅಲ್ಲಿವರೆಗೆ ನೋಡಿದ ಸಂಪುಟಗಳ ವರದಿಯನ್ನು ಅವಳು ಮೇಲಿನ ಕಚೇರಿಗೆ ಕಳಿಸಿದಳು. ಜಾಲತಾಣದಲ್ಲಿ ದೋಷವಿಲ್ಲದೆ ಬಂದಿರುವ ಸಂಪುಟಗಳನ್ನು ವಿಲೇವಾರಿ ಮಾಡಿ, ಉಳಿದವನ್ನು ಇಟ್ಟುಕೊಳ್ಳಿ ಎಂದು ಉತ್ತರ ಬಂತು. ದೋಷವಿಲ್ಲದ ಸಂಪುಟ ಒಂದೂ ಇರಲಿಲ್ಲ. ಅವಳು ಅದನ್ನೇ ಬರೆದು ಕಳಿಸಿದಳು. ಅದಕ್ಕೆ ಉತ್ತರ ಬಂದಿಲ್ಲ.

ಮೇ ತಿಂಗಳ ಒಂದು ಭಾನುವಾರ ವಿಲ್ಮಾ ಬಾಯಿ ಅವಳನ್ನು ಊಟಕ್ಕೆ ಕರೆದರು. ಊಟಕ್ಕೆ ಮೊದಲು ಇಬ್ಬರೂ ಕಡವಿನ ದಾರಿಯಲ್ಲಿ ನಡೆದು ಹೋದರು. ದಾರಿ ಅಷ್ಟೇನೂ ಚೆನ್ನಾಗಿರಲಿಲ್ಲ. ಒಂದು ಕಡೆ ಮುಳ್ಳು, ಒಂದು ಕಡೆ ವಲೇರಿಯನ್ನರ ಹೊಸ ಪಾಗಾರದ ಗೋಡೆ. ಹೊಳೆ ಇಳಿದಿತ್ತು. ಹೆಂಗಸರು ಆಗಲೇ ನೀರಿನಲ್ಲಿದ್ದರು.

“ಬನ್ನಿ ಮೇಡಂ, ನೀವೂ ಹೆಕ್ಕಿ,” ಎಂದರು ವಿಲ್ಮಾ ಬಾಯಿ.

ಸುಗಂಧಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಇಳಿದಳು. ಕೆಸರಿನಲ್ಲಿ ಕಾಲಿನಿಂದಲೇ ತಡವಿ ಗೊತ್ತು ಮಾಡಬೇಕಿತ್ತು. ಅವಳು ಗಂಭೀರವಾಗಿ, ಒಂದಡಿಯೂ ಬಿಡದೆ ತಡವಿದಳು. ಒಂದು ಗಂಟೆಯಲ್ಲಿ ವಿಲ್ಮಾ ಬಾಯಿಯ ಬುಟ್ಟಿ ತುಂಬಿತು. ಸುಗಂಧಿಗೆ ಸಿಕ್ಕಿದ್ದು ಹನ್ನೊಂದು. ದಡಕ್ಕೆ ಬಂದು ತೊಳೆದು ನೋಡಿದಾಗ ಅವುಗಳಲ್ಲಿ ನಾಲ್ಕು ಕಲ್ಲು.

“ಮೊದಲ ಸಲಕ್ಕೆ ಅಡ್ಡಿಯಿಲ್ಲ,” ಎಂದು ವಿಲ್ಮಾ ಬಾಯಿ ಕಲ್ಲುಗಳನ್ನು ಹೊಳೆಗೆ ಬಿಸಾಡಿದರು.